ಬಿಟ್ಟಿ ಬೆಳಕು

ಮೈಸೂರಿನ ನಮ್ಮ ಮನೆಗೆ ಮುಂದೆ ಒಂದಿಷ್ಟು, ಹಿತ್ತಲಲ್ಲಿ ಇನ್ನೊಂದಿಷ್ಟು ಜಾಗ ಇದೆ. ಹೂದಾನಿಗೆ ಸೇವಂತಿಗೆ, ಸಾರಿಗೆ ಅವರೆ, ಎರಡೂ ಅಲ್ಲೇ ಆಗಬೇಕು. ಅವರೆ ಬೀಜ ಅತ್ತೆಯ ತವರಿನದು. ರಾಗಿ ಸಾಲಿನ ಮಧ್ಯೆ ಬಿತ್ತುತ್ತಿದ್ದ ಹಳೇ ತಳಿ. ಕಾಯಿ ಮುಟ್ಟಿದರೆ ಸೊಗಡು ಬೆರಳಿಗೆ ಅಂಟುತ್ತದೆ, ಕೈ ತೊಳೆದರೂ ಬೇಗ ಹೋಗೋದಿಲ್ಲ.

2022ರಲ್ಲಿ ಬಿಸಿಲು ಚೆನ್ನಾಗಿದೆ ಅಂತ ಎರಡನ್ನೂ ಮುಂದೆಯೇ ಹಾಕಿದೆ. ಜೂನ್‌ನಲ್ಲಿ ಸೇವಂತಿಗೆ ಮರಿ ನೆಟ್ಟು, ತಿಂಗಳ ನಂತರ ಕುಡಿ ಚಿವುಟಿದೆ. ಜುಲೈ ಕೊನೆಗೆ ಅವರೆ. ಉಳಿದ ನಾಲ್ಕು ಕಾಳು ಹಿತ್ತಲಿಗೆ. ಮುಂದಿನ ಗಿಡಗಳು ಎಷ್ಟು ಸೊಂಪಾಗಿ ಬಂದವು ಅಂದರೆ ದಾರಿಹೋಕರು ನಿಂತು ನೋಡುತ್ತಿದ್ದರು. ದೀಪಾವಳಿ ಕಳೆಯಿತು. ಬರೀ ಎಲೆ. ಒಂದು ಮೊಗ್ಗಿಲ್ಲ.

ಸಗಣಿ ಗೊಬ್ಬರ ಜಾಸ್ತಿಯಾಯಿತೇನೋ ಅಂತ ನಿಲ್ಲಿಸಿದೆ. ನೀರು ಕಡಿಮೆ ಮಾಡಿದೆ. ಏನೂ ಆಗಲಿಲ್ಲ. ಹಿತ್ತಲಲ್ಲಿ ಅದೇ ಬೀಜದ ಗಿಡ ಆಗಲೇ ಕಾಯಿ ಕಚ್ಚಿತ್ತು. ಮುಂದೆಯೂ ಗೇಟಿನ ಕಂಬದ ಮರೆಯಲ್ಲಿದ್ದ ಒಂದೇ ಒಂದು ಸೇವಂತಿಗೆ ಮೊಗ್ಗಾಗಿತ್ತು. ಅದ್ಯಾಕೆ ಅಂತ ನನಗೆ ಹೊಳೆಯಲೇ ಇಲ್ಲ.

ಹೇಳಿದವಳು ಹೂ ಮಾರಲು ಬರುವ ಹೆಂಗಸು. ಗಿಡ ನೋಡಿ, ತಲೆ ಎತ್ತಿ ಬೀದಿ ದೀಪ ನೋಡಿ ನಕ್ಕಳು. "ನಮ್ ಕಡೆ ಹೂವು ತಡ ಆಗ್ಲಿ ಅಂತ ತೋಟಕ್ಕೆಲ್ಲ ಬಲ್ಬ್ ಕಟ್ತಾರಕ್ಕ, ಕರೆಂಟ್ ದುಡ್ಡು ಕೊಟ್ಟು. ನಿಮ್ಗೆ ಬಿಟ್ಟಿ ಬೆಳಕು!"

ವಿಷಯ ಇಷ್ಟೇ. ಸೇವಂತಿಗೆಯೂ ಹಳೇ ಅವರೆಯೂ ಇರುಳು ಉದ್ದವಾದ ಮೇಲೆಯೇ ಹೂ ಬಿಡುವ ಗಿಡಗಳು. ನಮ್ಮಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಅದು ನಮಗೆ ಗೊತ್ತೇ ಆಗೋದಿಲ್ಲ, ಗಿಡಕ್ಕೆ ಗೊತ್ತಾಗುತ್ತದೆ. ರಾತ್ರಿಯಿಡೀ ಎಲ್‌ಇಡಿ ಉರಿದರೆ ಅದರ ಪಾಲಿಗೆ ಕತ್ತಲೆಯೇ ಆಗಲಿಲ್ಲ.

ಮರುವರ್ಷ ಅವರೆ ಪೂರ್ತಿ ಹಿತ್ತಲಿಗೆ ಹೋಯಿತು. ಸೇವಂತಿಗೆಗೆ ಬಿಸಿಲು ಬೇಕು, ಹಾಗಾಗಿ ಮುಂದೆಯೇ ಉಳಿಯಿತು. ಬಿದಿರು ಗಳ ನಿಲ್ಲಿಸಿ ಕಪ್ಪು ಟಾರ್ಪಾಲು ಇಳಿಬಿಟ್ಟೆ. ಸೆಪ್ಟೆಂಬರ್ ಶುರುವಿನಿಂದ ಸಂಜೆ ಆರಕ್ಕೆ ಮುಚ್ಚೋದು, ಬೆಳಗ್ಗೆ ಆರೂವರೆಗೆ ತೆಗೆಯೋದು. ಮೊಗ್ಗು ಬಣ್ಣ ತೋರಿಸುವವರೆಗೆ ಒಂದು ದಿನವೂ ತಪ್ಪಿಸಬಾರದು. ಊರಿಗೆ ಹೋದಾಗ ಪಕ್ಕದ ಮನೆ ಹುಡುಗನಿಗೆ ಕೆಲಸ ಒಪ್ಪಿಸಿ, ದಿನಕ್ಕೆ ಎರಡು ಸಲ ಫೋನ್ ಮಾಡಿ ಅವನ ತಲೆ ತಿಂದಿದ್ದೇನೆ.

ಹೂ ಬಂತು. ಹೊರಗಿನ ಎಸಳು ಪೂರ್ತಿ ಬಿಚ್ಚಿ, ನಡುವೆ ಇನ್ನೂ ಬಿಗಿ ಇದ್ದಾಗ ಬೆಳಗ್ಗೆ ಕೊಯ್ಯುತ್ತೇನೆ. ಬುಡದ ಕಟ್ಟಿಗೆಯಂಥ ಭಾಗ ನೀರು ಎಳೆಯೋದಿಲ್ಲ. ಅದರ ಮೇಲೆ, ಹಸಿರು ಕಡೆ ಓರೆಯಾಗಿ ಕತ್ತರಿಸಬೇಕು. ನೀರಿನಲ್ಲಿ ಮುಳುಗುವ ಎಲೆ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಮೂರನೇ ದಿನಕ್ಕೇ ನಾತ. ನೀರು ಬದಲಿಸುತ್ತಿದ್ದರೆ ಒಂದು ವಾರ ಧಾರಾಳವಾಗಿ ಬಾಳುತ್ತದೆ.

ಇಷ್ಟು ಒದ್ದಾಡುವ ಬದಲು ಹೆಬ್ಬಾಳ ಅವರೆ ಹಾಕು ಅಂದವರಿದ್ದಾರೆ. ಅದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿ, ಹಗಲಿನ ಲೆಕ್ಕ ನೋಡದೆ ವರ್ಷವಿಡೀ ಕಾಯಿ ಕೊಡುತ್ತದೆ. ಹಾಕಿಯೂ ನೋಡಿದೆ. ಫಸಲಿಗೆ ಮೋಸವಿಲ್ಲ. ಆದರೆ ಹಿತಕಿದ ಬೇಳೆ ಸಾರು ಕುದಿಯುವಾಗ ಅತ್ತೆ ಅಡುಗೆಮನೆಗೆ ತಾವಾಗಿ ಎದ್ದು ಬರಲಿಲ್ಲ. ನನಗೆ ಅಷ್ಟು ಸಾಕಾಯಿತು.

ಹಳೇದರ ಬೀಜ ಈಗ ನಾನೇ ಇಡುತ್ತೇನೆ. ಮೊದಲ ಗೊಂಚಲಿಗೆ ಕೆಂಪು ದಾರ ಕಟ್ಟಿಬಿಡುತ್ತೇನೆ, ಯಾರೂ ಕೀಳುವಂತಿಲ್ಲ. ಗಿಡದಲ್ಲೇ ಒಣಗಿದ ಮೇಲೆ ಬಿಡಿಸಿ, ಹರಳೆಣ್ಣೆ ಸವರಿ ಡಬ್ಬಿಗೆ ಹಾಕೋದು. ಹುಳು ಬೀಳೋದಿಲ್ಲ.

ಮೊನ್ನೆ ಬೀದಿ ದೀಪ ನಾಲ್ಕು ದಿನ ಕೆಟ್ಟಿತ್ತು. ಅಕ್ಕಪಕ್ಕದವರೆಲ್ಲ ದೂರು ಕೊಟ್ಟರು. ನಾನು ಮಾತ್ರ ಸುಮ್ನಿದ್ದೆ.