ಸೋರ್ಸ್ ಕೋಡ್ ಫೈಲ್‌ಗಳ ಮೈಮ್ ಟೈಪ್: ನಾನು ಮಾಡಿಕೊಂಡ ವ್ಯವಸ್ಥೆ

ತಂಡದವರು ಬ್ರೌಸರ್‌ನಲ್ಲೇ ಓದಿಕೊಳ್ಳಲಿ ಎಂದು ಹಳೆಯ ಪ್ರೋಗ್ರಾಂಗಳ ಫೋಲ್ಡರ್ ಒಂದನ್ನು ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ಗೆ ಹಾಕಿದ್ದೆ. ಸಿ, ಪೈಥಾನ್, ಟೈಪ್‌ಸ್ಕ್ರಿಪ್ಟ್, ಒಂದಿಷ್ಟು ಪಿಎಚ್‌ಪಿ, ಎಲ್ಲ ಕಲಸುಮೇಲೋಗರ. ಪೈಥಾನ್ ಫೈಲ್ ಒತ್ತಿದರೆ ತೆರೆಯುವ ಬದಲು ಡೌನ್‌ಲೋಡ್ ಆಗುತ್ತಿತ್ತು. ಟೈಪ್‌ಸ್ಕ್ರಿಪ್ಟ್ ಫೈಲನ್ನಂತೂ ಸರ್ವರ್ ವಿಡಿಯೋ ಎಂದೇ ಹೇಳಿ ಕಳಿಸುತ್ತಿತ್ತು.

ಕಾರಣ ಸರಳ. ಸರ್ವರ್ ಫೈಲಿನ ಒಳಗೆ ಇಣುಕುವುದಿಲ್ಲ, ಹೆಸರಿನ ಬಾಲ (ಎಕ್ಸ್‌ಟೆನ್ಶನ್) ನೋಡಿ ತನ್ನ ಪಟ್ಟಿಯಿಂದ ಮೈಮ್ ಟೈಪ್, ಅಂದರೆ ಫೈಲ್ ಯಾವ ಬಗೆಯದೆಂದು ಬ್ರೌಸರ್‌ಗೆ ತಿಳಿಸುವ ಹೆಸರು, ಎತ್ತಿಕೊಳ್ಳುತ್ತದೆ. ಡಾಟ್ ಟಿಎಸ್ ಎಂಬ ಬಾಲ ಎಂಪೆಗ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್‌ಗೆ ಮೊದಲೇ ಸಂದಿದೆ. ಎನ್‌ಜಿನ್‌ಎಕ್ಸ್ ಪಟ್ಟಿಯಲ್ಲಿ ಅದು ವಿಡಿಯೋ/ಎಂಪಿ2ಟಿ. ಪಟ್ಟಿಯಲ್ಲಿ ಇಲ್ಲದ ಬಾಲಕ್ಕೆ, ಜೊತೆಗೆ ಬರುವ ಕಾನ್ಫಿಗ್ ಪ್ರಕಾರ, ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್. ಅಂದರೆ 'ಏನೋ ಬೈಟ್‌ಗಳು, ಇಳಿಸಿಕೋ' ಎಂದಂತೆ. ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್‌ನಲ್ಲೂ ಇಂಥದ್ದೇ ತಮಾಷೆ: ಅದರ ಪಟ್ಟಿಯಲ್ಲಿ ಡಾಟ್ ಆರ್‌ಎಸ್ ರಸ್ಟ್ ಅಲ್ಲ, ಯಾವುದೋ ಎಕ್ಸ್‌ಎಂಎಲ್.

ಹಾಗಾದರೆ ಪ್ರತಿ ಭಾಷೆಗೂ ಅದರದೇ ಟೈಪ್ ಹುಡುಕಿ ಪಟ್ಟಿಗೆ ಸೇರಿಸೋಣ ಎಂದು ಕೂತೆ. ಅಲ್ಲೇ ಗೊತ್ತಾಗಿದ್ದು ಇದೆಂಥಾ ಹುತ್ತ ಎಂದು. ಅಧಿಕೃತ ನೋಂದಣಿ ಇಟ್ಟುಕೊಂಡಿರುವ ಐಯಾನಾದಲ್ಲಿ ಜಾವಾಸ್ಕ್ರಿಪ್ಟ್ ಇದೆ, ಸಿಎಸ್ಎಸ್ ಇದೆ, ಎಸ್‌ಕ್ಯುಎಲ್ ಇದೆ. ಸಿ, ಪೈಥಾನ್, ಜಾವಾ? ಇಲ್ಲ. ಓಡಾಡುತ್ತಿರುವ ಹೆಸರುಗಳೆಲ್ಲ 'ಎಕ್ಸ್-' ಹಚ್ಚಿಕೊಂಡ ಅಡ್ಡಹೆಸರುಗಳು, ಅವೂ ಒಂದೇ ಥರ ಇಲ್ಲ. ಸಿ ಫೈಲನ್ನು ಲಿನಕ್ಸ್‌ನ 'ಫೈಲ್' ಕಮಾಂಡ್ ಟೆಕ್ಸ್ಟ್/ಎಕ್ಸ್-ಸಿ ಎನ್ನುತ್ತದೆ, ಅದೇ ಯಂತ್ರದ ಡೆಸ್ಕ್‌ಟಾಪ್ ಟೆಕ್ಸ್ಟ್/ಎಕ್ಸ್-ಸಿಎಸ್ಆರ್‌ಸಿ ಎನ್ನುತ್ತದೆ. 2013ರ ಆರ್‌ಎಫ್‌ಸಿ 6838 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ನಿಯಮಗಳ ದಾಖಲೆ) ಈ 'ಎಕ್ಸ್-' ಪದ್ಧತಿಯನ್ನೇ ಬೇಡ ಎಂದಿದೆ, ಆದರೂ ಅದು ಆರಾಮಾಗಿ ಓಡುತ್ತಿದೆ. ನೋಂದಣಿಯಾದ ಹೆಸರಿಗೂ ನೆಮ್ಮದಿ ಇಲ್ಲ ಬಿಡಿ: ಜಾವಾಸ್ಕ್ರಿಪ್ಟ್‌ಗೆ 2006ರಲ್ಲಿ 'ಟೆಕ್ಸ್ಟ್ ಬಿಡಿ, ಅಪ್ಲಿಕೇಶನ್ ಬಳಸಿ' ಎಂದರು, 2022ರಲ್ಲಿ ಆರ್‌ಎಫ್‌ಸಿ 9239 ಬಂದು 'ಟೆಕ್ಸ್ಟ್/ಜಾವಾಸ್ಕ್ರಿಪ್ಟೇ ಸರಿ' ಎಂದಿತು.

ಆ ಹುಡುಕಾಟ ಕೈಬಿಟ್ಟೆ. ಓದಲು ಇಟ್ಟ ಕೋಡ್ ಅಷ್ಟಕ್ಕೂ ಒಂದೇ ಟೈಪ್ ಸಾಕು: ಟೆಕ್ಸ್ಟ್/ಪ್ಲೇನ್, ಜೊತೆಗೆ ಚಾರ್‌ಸೆಟ್, ಅಂದರೆ ಅಕ್ಷರಗಳ ಸಂಕೇತಪಟ್ಟಿ, ಯುಟಿಎಫ್-8. ಭಾಷೆ ಯಾವುದೆಂದು ಬ್ರೌಸರ್‌ಗೆ ಹೇಳಿ ಸಿಗುವ ಲಾಭವೇನೂ ಇಲ್ಲ, ಅದು ಪೈಥಾನ್‌ಗೆ ಬಣ್ಣ ಹಚ್ಚಿ ತೋರಿಸುವುದಿಲ್ಲ. ಎಚ್‌ಟಿಎಂಎಲ್ ಮಾನದಂಡ ಟೆಕ್ಸ್ಟ್/ಪ್ಲೇನನ್ನು ಪಠ್ಯವಾಗಿ ತೋರಿಸಬೇಕು ಎಂದು ಹೆಸರಿಸಿಯೇ ಹೇಳಿದೆ. 'ಎಕ್ಸ್-ಪೈಥಾನ್' ಥರದ್ದು ಆಯಾ ಬ್ರೌಸರಿನ ಇಷ್ಟ.

ಮಾಡಿದ್ದು ಇಷ್ಟು. ಕಾನ್ಫಿಗ್‌ನಲ್ಲಿ ಆ ಫೋಲ್ಡರಿಗೆ ಮಾತ್ರ ಅನ್ವಯಿಸುವ ಭಾಗದ, ಅಂದರೆ ಲೊಕೇಶನ್ ಬ್ಲಾಕಿನ, ಒಳಗೆ ಖಾಲಿ ಟೈಪ್ಸ್ ಬ್ಲಾಕ್ ಇಟ್ಟೆ. ಮೇಲಿನ ಪಟ್ಟಿ ಅಲ್ಲಿಗೆ ಅನ್ವಯಿಸುವುದು ನಿಂತಿತು. ಡಿಫಾಲ್ಟ್ ಟೈಪ್ ಟೆಕ್ಸ್ಟ್/ಪ್ಲೇನ್, ಚಾರ್‌ಸೆಟ್ ಯುಟಿಎಫ್-8. ಬ್ರೌಸರ್ ತಾನೇ ಮೂಸಿ ನೋಡಿ ಬೇರೇನೋ ಎಂದು ತೀರ್ಮಾನಿಸದಿರಲಿ ಎಂದು 'ನೋಸ್ನಿಫ್' ಹೆಡರ್ (ಫೈಲ್ ಜೊತೆ ಸರ್ವರ್ ಕಳಿಸುವ ಸೂಚನೆ). ಇಲ್ಲೊಂದು ಗಮನ ಬೇಕು: ಎನ್‌ಜಿನ್‌ಎಕ್ಸ್‌ನಲ್ಲಿ ಲೊಕೇಶನ್ ಒಳಗೆ ಒಂದು ಹೆಡರ್ ಸೇರಿಸಿದರೂ ಮೇಲಿನ ಹಂತದಲ್ಲಿ ಸೇರಿಸಿದವು ಇಲ್ಲಿಗೆ ಇಳಿದು ಬರುವುದಿಲ್ಲ. ಬೇಕಾದ್ದನ್ನೆಲ್ಲ ಮತ್ತೆ ಬರೆಯಬೇಕು. ಚಿತ್ರಗಳಿದ್ದರೆ ಬೇರೆ ಫೋಲ್ಡರಿನಲ್ಲಿಡಿ, ಇಲ್ಲದಿದ್ದರೆ ಅವೂ ಅಕ್ಷರಗಳಾಗಿ ಸುರಿಯುತ್ತವೆ.

ಚಾರ್‌ಸೆಟ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಕನ್ನಡದಲ್ಲಿ ಕಾಮೆಂಟ್ ಬರೆಯುವವರಿಗೆ ಪೆಟ್ಟು ಬೀಳುವುದು ಇಲ್ಲೇ. ಇಂಗ್ಲಿಷ್ ಕೋಡಿನಲ್ಲಿ ಚಾರ್‌ಸೆಟ್ ಬಿಟ್ಟುಹೋದರೂ ಏನೂ ಕಾಣಿಸದು. 'ಕನ್ನಡ' ಎಂಬ ಪದದಲ್ಲಿ ಯುನಿಕೋಡ್ ಲೆಕ್ಕಕ್ಕೆ ಐದು ಸಂಕೇತಗಳು: ಕ, ನ, ಒತ್ತಕ್ಷರ ಮೂಡಿಸುವ ವಿರಾಮ (್), ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಬ್ರೌಸರ್ ಇದನ್ನು ಪಶ್ಚಿಮ ಯುರೋಪಿನ ಸಂಕೇತಪಟ್ಟಿ ಎಂದುಕೊಂಡರೆ 15 ಬೈಟೂ ಬೇರೆ ಬೇರೆ ಅಕ್ಷರವಾಗಿ, ಮೇಲೆ ಗೀಟು ಹೊತ್ತ 'ಎ' ಮತ್ತೆ ಮತ್ತೆ ಬಂದು, ಕಾಮೆಂಟ್ ಪೂರ್ತಿ ಕಸ. ಟೆಕ್ಸ್ಟ್/ಪ್ಲೇನ್ ಪರವಾಗಿ ನನಗೆ ಇದೂ ಒಂದು ಕಾರಣ: ಅಪಾಚೆಯ ಆಡ್‌ಡಿಫಾಲ್ಟ್‌ಚಾರ್‌ಸೆಟ್ ಎಂಬ ಸೆಟ್ಟಿಂಗ್ ಕೆಲಸ ಮಾಡುವುದು ಟೆಕ್ಸ್ಟ್/ಪ್ಲೇನ್ ಮತ್ತು ಟೆಕ್ಸ್ಟ್/ಎಚ್‌ಟಿಎಂಎಲ್ ಎರಡಕ್ಕೇ. 'ಎಕ್ಸ್-' ಹೆಸರು ಕೊಟ್ಟಿರೋ, ಅದು ತಿರುಗಿಯೂ ನೋಡುವುದಿಲ್ಲ.

ಪಿಎಚ್‌ಪಿಗೆ ಮಾತ್ರ ಟೈಪ್ ಬದಲಿಸಿದರೆ ಸಾಲದು. ಸರ್ವರಿನಲ್ಲಿ ಪಿಎಚ್‌ಪಿ ನಡೆಯುತ್ತಿದ್ದರೆ ಆ ಫೈಲ್ ಕೇಳಿದಾಗ ಕೋಡ್ ಓಡಿಬಿಡುತ್ತದೆ, ಟೈಪಿನ ಪ್ರಶ್ನೆಯೇ ಬರುವುದಿಲ್ಲ. ಡಾಟ್ ಪಿಎಚ್‌ಪಿ ಹಿಡಿಯುವ ರೆಜೆಕ್ಸ್ (ಹೆಸರಿನ ಮಾದರಿ ನೋಡಿ ಹೊಂದಿಸುವ) ಲೊಕೇಶನ್ ಸಾಮಾನ್ಯ ಲೊಕೇಶನ್‌ಗಿಂತ ಮೇಲಾಗಿ ನಿಲ್ಲುತ್ತದೆ. ಅದಕ್ಕೇ ನನ್ನ ಫೋಲ್ಡರಿನ ಲೊಕೇಶನ್‌ಗೆ ಕ್ಯಾರೆಟ್-ಟಿಲ್ಡೆ (^~) ಗುರುತು ಹಾಕಿದೆ; ಆಗ ರೆಜೆಕ್ಸ್‌ಗಳತ್ತ ಅದು ಹೋಗುವುದೇ ಇಲ್ಲ.

ಇದೆಲ್ಲ ಓದುವ ಕೋಡಿನ ಮಾತು. ಬ್ರೌಸರೇ ಓಡಿಸಬೇಕಾದ ಜಾವಾಸ್ಕ್ರಿಪ್ಟ್‌ಗೆ ಈ ಉದಾರತೆ ನಡೆಯದು. ಮಾಡ್ಯೂಲ್ ಆಗಿ ಕರೆದ ಫೈಲ್ ಟೆಕ್ಸ್ಟ್/ಪ್ಲೇನ್ ಆಗಿ ಬಂದರೆ ಬ್ರೌಸರ್ ಅದನ್ನು ಸಾರಾಸಗಟಾಗಿ ತಿರಸ್ಕರಿಸುತ್ತದೆ, ಕನ್ಸೋಲ್‌ನಲ್ಲಿ ಕೆಂಪು ಸಾಲು ಬೀಳುತ್ತದೆ. ಡಾಟ್ ಎಂಜೆಎಸ್ ಬಾಲ ಬಳಸುವವರು ಅದು ಸರ್ವರ್ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಬೇಕು.

ಕಾನ್ಫಿಗ್ ಬದಲಿಸಿದಾಗಲೆಲ್ಲ ನಾನು ಬ್ರೌಸರ್ ನಂಬುವುದಿಲ್ಲ, ಅದರ ಕ್ಯಾಶೆ ಹಳೆಯದನ್ನೇ ತೋರಿಸುತ್ತಿರಬಹುದು. ಪ್ರತಿ ಬಾಲದ ಒಂದೊಂದು ಫೈಲಿಗೆ 'ಕರ್ಲ್' ಕಮಾಂಡಿನಲ್ಲಿ ಹೆಡರ್ ಮಾತ್ರ ತರಿಸಿ, ಕಂಟೆಂಟ್-ಟೈಪ್ ಸಾಲು ಓದುತ್ತೇನೆ.