ಶೇಂಗಾ ಎಣ್ಣೆಯ ಗುಂಡು ನಡುತೊಟ್ಟಿಯಲ್ಲಿ ನಿಂತಿತು

ಎಣ್ಣೆಯಷ್ಟೇ ಸಾಂದ್ರತೆಯ ದ್ರವದೊಳಗೆ ಎಣ್ಣೆಯನ್ನು ಗುಂಡಾಗಿ ತೇಲಿಸುವುದು ಪ್ಲಾಟೋ ಪ್ರಯೋಗ. ಅಡುಗೆ ಎಣ್ಣೆಯಲ್ಲಿ ಅದು ಆಗುವುದಿಲ್ಲ, ಸಿಲಿಕೋನ್ ಎಣ್ಣೆಯೇ ಬೇಕು ಎಂದವರು ಬಹಳ. ನನ್ನ ತೊಟ್ಟಿಯಲ್ಲಿ 30 ಮಿ.ಲೀ. ಶೇಂಗಾ ಎಣ್ಣೆ ನಿಂಬೆಹಣ್ಣಿನಷ್ಟು ಗುಂಡಾಗಿ, ಮೇಲೂ ಏರದೆ ಕೆಳಗೂ ಇಳಿಯದೆ ಅರ್ಧ ದಿನ ನಿಂತಿದೆ. ಬೆಲ್ಜಿಯಂನ ಭೌತವಿಜ್ಞಾನಿ ಜೋಸೆಫ್ ಪ್ಲಾಟೋ 1840ರ ದಶಕದಲ್ಲಿ ಆಲಿವ್ ಎಣ್ಣೆಯಲ್ಲಿ ಮಾಡಿದ್ದೂ ಇದನ್ನೇ.

ಅಳತೆ: 70% ಐಸೊಪ್ರೊಪೈಲ್ ಆಲ್ಕೋಹಾಲ್ 7 ಪಾಲು, ಕುದಿಸಿ ಆರಿಸಿದ ನೀರು 2 ಪಾಲು, ಹೆಚ್ಚುಕಮ್ಮಿ. ಎಣ್ಣೆಯ ಬ್ರ್ಯಾಂಡ್ ಬದಲಾದರೆ ಇದೂ ಬದಲಾಗುತ್ತದೆ. ಲೋಟದಲ್ಲಿ ಎಣ್ಣೆಯ ಒಂದು ಹನಿ ಬಿಟ್ಟು ನೋಡಿಯೇ ತೊಟ್ಟಿ ತುಂಬಿ. ಒಂದೇ ಹದದ ದ್ರವದಲ್ಲಿ ಗುಂಡು ನಿಲ್ಲಿಸಲು ಹೋಗಿ ಎರಡು ಸಲ ಸೋತೆ, ಸುಮಾರು 1,500 ರೂಪಾಯಿ ಮೋರಿಗೆ ಹೋಯಿತು. ಕೆಳಗೆ ತುಸು ನೀರು ಹೆಚ್ಚಿರುವ ಪದರ, ಅದರ ಮೇಲೆ ಚಮಚದ ಬೆನ್ನಿನ ಮೇಲಿಂದ ನಿಧಾನ ಸುರಿದ ಹಗುರ ಪದರ: ಹೀಗೆ ಮಾಡಿದ ಮೇಲೆ ಗುಂಡು ನಡುವೆ ಕೂತಿತು. ಪದರಗಳ ಸಾಂದ್ರತೆಯ ಅಂತರ ಜಾಸ್ತಿಯಾದರೆ ಗುಂಡು ಅವಲಕ್ಕಿಯಂತೆ ಚಪ್ಪಟೆಯಾಗುತ್ತದೆ.

ಬೆರೆಸಿದ ಕೂಡಲೇ ಎಣ್ಣೆ ಬಿಡಬೇಡಿ. ದ್ರವ ಬೆಚ್ಚಗಾಗಿ ಸಣ್ಣ ಗುಳ್ಳೆ ಏಳುತ್ತವೆ. ಸಾಸಿವೆಯಷ್ಟು ಗುಳ್ಳೆ ಅಂಟಿದರೂ ಗುಂಡು ಮೇಲೆ ಸರಿಯುತ್ತದೆ. ಒಂದು ರಾತ್ರಿ ಮುಚ್ಚಿಡಿ. ಮುಚ್ಚದಿದ್ದರೆ ಆಲ್ಕೋಹಾಲ್ ಆರಿ ದ್ರವ ಭಾರವಾಗುತ್ತದೆ. ಅಕ್ರಿಲಿಕ್ ತೊಟ್ಟಿ ಬಿರುಕು ಬಿಡುತ್ತದೆ, ಗಾಜೇ ಇರಲಿ. ಹತ್ತಿರ ಬೆಂಕಿ ಬೇಡವೇ ಬೇಡ.

ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಹರಳೆಣ್ಣೆ ಆಲ್ಕೋಹಾಲಿನಲ್ಲಿ ಕರಗುತ್ತದೆ, ಅದನ್ನು ಮುಟ್ಟಲೇಬೇಡಿ. ಬಣ್ಣಕ್ಕೆ ಅರಿಸಿನ ಹಾಕಿದರೆ ತೊಟ್ಟಿಯೆಲ್ಲ ಹಳದಿ. ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿ ಎಣ್ಣೆಯಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಿದರೆ ಆ ಕೆಂಪು ಬಣ್ಣ ಎಣ್ಣೆ ಬಿಟ್ಟು ಹೊರಗೆ ಬರುವುದಿಲ್ಲ. ಎಷ್ಟು ಹೊತ್ತು ನೆನೆಸಿದೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

50 ಮಿ.ಲೀ. ಸಿರಿಂಜಿನ ಮೂತಿ ಮೊದಲು ದ್ರವದಲ್ಲಿ ಒದ್ದೆಯಾಗಿರಲಿ, ಇಲ್ಲವಾದರೆ ಎಣ್ಣೆ ಅದನ್ನೇ ಹತ್ತುತ್ತದೆ. ನಡುವೆ ಕೈ ನಿಂತರೆ ಎರಡು ಗುಂಡಾಗುತ್ತವೆ. ಅವು ತಾಗಿಕೊಂಡಿದ್ದರೂ ನಿಮಿಷಗಟ್ಟಲೆ ಕೂಡುವುದಿಲ್ಲ, ನಡುವಿನ ದ್ರವದ ತೆಳು ಪದರ ಜಾರಿ ಹೋಗಬೇಕು. ತಂತಿಯಿಂದ ಚುಚ್ಚಿದರೆ ಒಂದಾಗುತ್ತವೆ.

2 ಸೆಂ.ಮೀ. ಅಗಲದ ಎರಡು ತಂತಿ ಬಳೆಗಳ ನಡುವೆ ಎಣ್ಣೆಯ ಕಂಬ ಎಳೆಯಲೂ ನೋಡಿದೆ. ಲೆಕ್ಕದಲ್ಲಿ ಬಳೆಯ ಸುತ್ತಳತೆಯಷ್ಟು, 6.3 ಸೆಂ.ಮೀ. ತನಕ ನಿಲ್ಲಬೇಕು. ನನಗೆ ಐದೂವರೆ ದಕ್ಕಿತು. ತುಂಡಾಗುವಾಗ ನಡುವೆ ಪುಟ್ಟ ಮರಿಹನಿ ಉಳಿಯಿತು.

ಇದೇ ದ್ರವವನ್ನು ಎಣ್ಣೆಯ ಜೊತೆ ಬಾಟಲಿಯಲ್ಲಿ ಕುಲುಕಿ ಇಟ್ಟೆ, ಪಕ್ಕದಲ್ಲಿ ಬರೀ ನೀರು-ಎಣ್ಣೆ. ನೀರಿನದು ಬೇಗ ಬೇರೆಯಾಯಿತು, ಇದರ ಹನಿಗಳು ಗಂಟೆಗಟ್ಟಲೆ ಚದುರಿಯೇ ಇದ್ದವು. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ತೂಕವಿಲ್ಲದ ಸ್ಥಿತಿಯಲ್ಲಿ ಕುಲುಕಿದ ಎಣ್ಣೆ-ನೀರು ಬೇರೆಯಾಗದೆ ಉಳಿದದ್ದೂ ಹೀಗೆಯೇ.