ತಂಬಾಕು ಅಂಗಡಿ ಲೈಸೆನ್ಸ್: ಟೇಪು ಎಲ್ಲಿಂದ ಹಿಡೀಬೇಕು?

ಸ್ಥಳೀಯ ಸಂಸ್ಥೆಯ ಆರೋಗ್ಯ ಶಾಖೆಯಲ್ಲಿ ಉದ್ದಿಮೆ ಪರವಾನಗಿ ಫೈಲ್ ನೋಡೋ ಕೆಲಸ ನಂದು. ಶಾಲೆ ಸುತ್ತ ಬೀಡಿ ಸಿಗರೇಟು ಮಾರೋದನ್ನ ಹೇಗೆ ನಿಲ್ಲಿಸಿದ್ರಿ ಅಂತ ಬೇರೆ ಕಡೆ ಕೆಲಸ ಮಾಡೋರು ಕೇಳ್ತಿರ್ತಾರೆ, ಅದಕ್ಕೆ ಬರೀತಿದೀನಿ.

ಸಾಮಾನ್ಯವಾಗಿ ದಾಳಿ ಮಾಡಿ ದಂಡ ಹಾಕೋದ್ರಿಂದ ಶುರು ಮಾಡ್ತಾರೆ, ನಾನು ಮ್ಯಾಪಿಂದ ಶುರು ಮಾಡಿದೆ. 2003ರ ಕೋಟ್ಪಾ (ಸಿಗರೇಟು, ತಂಬಾಕು ಮಾರಾಟ ನಿಯಂತ್ರಿಸೋ ಕೇಂದ್ರದ ಕಾಯ್ದೆ) ಸೆಕ್ಷನ್ 6ರಲ್ಲಿ ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಅಂತಿರೋದು ಎಲ್ರಿಗೂ ಗೊತ್ತು, ಆದ್ರೆ ಆ 100 ಗಜ ಎಲ್ಲಿಂದ ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಅಂಗಡಿಯವ್ರು ಶಾಲೆ ಗೇಟಿಂದ ರಸ್ತೆ ಹಿಡ್ಕೊಂಡು, ತಿರುವೆಲ್ಲ ಸೇರಿಸಿ ನಡೆದು ಅಳೀತಾರೆ. ಉತ್ತರ ಆ ಕಾಯ್ದೆಯಡಿ ಬಂದ 2004ರ ನಿಯಮದಲ್ಲೇ ಇದೆ: ಕಾಂಪೌಂಡ್ ಗೋಡೆ ಅಥವಾ ಬೇಲಿಯ ಹೊರ ಅಂಚಿಂದ, ಸುತ್ತಲೂ ನೇರವಾಗಿ ಅಳೀಬೇಕು. ಗೇಟಿನ ಮಾತೇ ಅಲ್ಲಿಲ್ಲ. ಇದೊಂದು ಸಾಲಿಂದ ಲೆಕ್ಕವೇ ಬದಲಾಗುತ್ತೆ, ದೊಡ್ಡ ಆಟದ ಮೈದಾನ ಇರೋ ಶಾಲೆ ಆದ್ರೆ ಮೈದಾನದ ಹಿಂದಿನ ಗಲ್ಲಿಯಲ್ಲಿರೋ ಗೂಡಂಗಡಿನೂ ಒಳಗೇ ಬರುತ್ತೆ, ಗೇಟಿಂದ ಅದು ಎಷ್ಟೇ ದೂರ ಇದ್ರೂ.

ಅದಕ್ಕೆ ಮೊದಲು ಪ್ರತಿ ಶಾಲೆ ಕಾಲೇಜಿನ ಗಡಿಯನ್ನ ಆಸ್ತಿ ದಾಖಲೆ ನೋಡ್ಕೊಂಡು ಮ್ಯಾಪಲ್ಲಿ ಗುರುತು ಮಾಡಿ, ಆಮೇಲೆ ಅಲ್ಲೇ ಹೋಗಿ ಗೋಡೆ ಪಕ್ಕ ನಿಂತು ತಾಳೆ ನೋಡ್ಕೊಂಡೆ. ಕೋಟ್ಪಾಗೆ ಕರ್ನಾಟಕ ತಂದ ತಿದ್ದುಪಡಿ 2025ರ ಮೇನಲ್ಲಿ ಜಾರಿಗೆ ಬಂದ ಮೇಲೆ ಗಜ ಹೋಗಿ 100 ಮೀಟರ್ ಆಯ್ತು. 100 ಗಜ ಅಂದ್ರೆ 91 ಮೀಟರ್ ಚಿಲ್ಲರೆ, ಹಾಗಾಗಿ ಹಳೇ ಗೆರೆ ಆಚೆ ಇನ್ನೂ ಎಂಟೂವರೆ ಮೀಟರ್ ಸೇರ್ಕೊಳ್ತು, ಹಳೇ ಮ್ಯಾಪ್ ಇಟ್ಕೊಂಡಿರೋರು ದಯವಿಟ್ಟು ಹೊಸದಾಗಿ ಗೆರೆ ಎಳೀರಿ. ಅದೇ ತಿದ್ದುಪಡಿಯಲ್ಲಿ ತಂಬಾಕು ಕೊಳ್ಳೋರ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಹೋಯ್ತು, ಪ್ಯಾಕ್ ಒಡೆದು ಸಿಗರೇಟು ಬಿಡಿಬಿಡಿಯಾಗಿ ಮಾರೋ ಹಾಗಿಲ್ಲ, ದಂಡ 200 ಇದ್ದಿದ್ದು 1000 ರೂಪಾಯಿ ಆಗಿದೆ.

ಇನ್ನು ಲೈಸೆನ್ಸ್. ನನ್ನ ಅನುಭವದಲ್ಲಿ ನಿಜವಾದ ಹಿಡಿತ ಇರೋದು ಇಲ್ಲೇ. ಪರವಾನಗಿ ಇರೋದು ಜನರಲ್ ಸ್ಟೋರ್ಸ್ ಅಂತ, ಒಳಗೆ ಚಾಕ್ಲೇಟ್ ಡಬ್ಬಿ ಪಕ್ಕದಲ್ಲೇ ಸಿಗರೇಟ್ ಪ್ಯಾಕು, ಮಕ್ಕಳ ಕಣ್ಣಿಗೆ ದಿನಾ ಬೀಳ್ತಿರುತ್ತೆ, ನಂಗೆ ತುಂಬಾ ಸಂಕಟ ಆಗೋದು ಇದೇ. ತಂಬಾಕು ಮಾರೋರಿಗೆ ಪ್ರತ್ಯೇಕ ಅನುಮತಿ ಇರಲಿ, ಆ ಅಂಗಡೀಲಿ ಬಿಸ್ಕತ್ತು ಚಿಪ್ಸ್ ತಂಪು ಪಾನೀಯ ಮಾರೋದು ಬೇಡ ಅಂತ ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ನಾನು ನವೀಕರಣಕ್ಕೆ ಬಂದೋರ ಹತ್ರ ತಂಬಾಕು ಮಾರ್ತೀರಾ ಇಲ್ವಾ ಅಂತ ಲಿಖಿತವಾಗಿ ತಗೊಳ್ಳೋದು ಶುರು ಮಾಡಿದೆ, ಗೆರೆಯೊಳಗಿದ್ರೆ ಮಾರಲ್ಲ ಅನ್ನೋ ಷರತ್ತು ಪರವಾನಗಿ ಮೇಲೇ ಅಚ್ಚಾಗುತ್ತೆ. ಅಂಗಡಿ ಕೈ ಬದಲಾದ್ರೆ ಹೊಸಬರು ಹೊಸ ಅರ್ಜಿ ಹಾಕ್ಬೇಕು, ಆಗ ಮತ್ತೆ ಮ್ಯಾಪ್ ತೆಗೀತೀವಿ. ದಂಡ ಕಟ್ಟಿ ಮರುದಿನ ಮತ್ತೆ ಮಾರ್ತಿದ್ದೋರೂ ಪರವಾನಗಿ ವಿಷಯ ಬಂದಾಗ ಸೀರಿಯಸ್ ಆಗ್ತಾರೆ.

ತಳ್ಳುಗಾಡಿಯವ್ರದ್ದು ಬೇರೆ ದಾರಿ. ಅವ್ರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ರಕ್ಷಣೆ ಇದೆ, ಏಕಾಏಕಿ ಎತ್ತಂಗಡಿ ಮಾಡೋದು ಸರಿಯಲ್ಲ, ಮಾಡ್ಬಾರ್ದು ಕೂಡ. ವಿಷಯನ ಅದೇ ಕಾಯ್ದೆಯಡಿ ಇರೋ ಪಟ್ಟಣ ವ್ಯಾಪಾರ ಸಮಿತಿ ಮುಂದಿಟ್ಟು, ಅಲ್ಲೇ ಇರ್ತೀನಿ ಅನ್ನೋರಿಗೆ ತಂಬಾಕು ಬಿಟ್ಟು ಬೇರೆ ಮಾಲು ಇಡೋಕೆ ಒಪ್ಸಿದ್ವಿ. ಹೆಣ್ಮಕ್ಕಳು ನಡೆಸ್ತಿದ್ದ ಗಾಡಿಗಳು ಮೊದಲು ಬದಲಾದ್ವು.

ಕೊನೇದಾಗಿ, ಜೂನ್‌ನಲ್ಲಿ ಶಾಲೆ ಶುರುವಾಗೋ ಹೊತ್ತಿಗೆ ಶಿಕ್ಷಣ ಇಲಾಖೆಯಿಂದ ಹೊಸ ಶಾಲೆಗಳ ಪಟ್ಟಿ ತರಿಸ್ಕೊಳ್ಳಿ. ಒಂದು ಹೊಸ ಕಾಂಪೌಂಡ್ ಎದ್ರೆ ಅದರ ಸುತ್ತಲಿನ ಅಂಗಡಿಗಳ ಫೈಲೆಲ್ಲ ಮತ್ತೆ ತೆಗೀಬೇಕಾಗುತ್ತೆ.